ತುಗ್ಯಾನಿ: ಮೂಸಿ ನದಿ ಊರೊಳಗೆ ಬಂದ ದಿನ

ನಮ್ಮ ಮುತ್ಯಾನ ಬಾಯಲ್ಲಿ ಒಂದು ಮಾತಿತ್ತು. ಶಾಲೆ ಬಿಟ್ಟ ಕೂಡಲೇ ನಾವು ಹುಡುಗರೆಲ್ಲ ಚಪ್ಪಲಿ ಎಲ್ಲೆಂದರಲ್ಲಿ ಎಸೆದು ಮನೆಯೊಳಗೆ ನುಗ್ಗಿದರೆ, ಅಂಗಳದ ಕಟ್ಟೆ ಮೇಲೆ ಕೂತಿರುತ್ತಿದ್ದ ಮುತ್ಯಾ, ‘ಏನಲೇ, ತುಗ್ಯಾನಿ ಬಂದಂಗ ಬರ್ತೀರಿ!’ ಅಂತ ಗದರುತ್ತಿದ್ದ. ತುಗ್ಯಾನಿ ಅಂದರೆ ಯಾವುದೋ ದಂಡು ಇರಬೇಕು, ರಜಾಕಾರರ ಹಾಗೆ ಅಂತ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಕಲಬುರಗಿ ಕಡೆಯ ಮನೆಗಳಲ್ಲಿ ಇಂಥ ಎಷ್ಟೋ ಉರ್ದು ಶಬ್ದಗಳು ಅರ್ಥ ಕೇಳದೇ ಬಾಳಿ ಹೋಗಿವೆ. ಕಾಲೇಜಿಗೆ ಹೋದಮೇಲೆ ಒಬ್ಬ ಗೆಳೆಯ ಹೇಳಿದ: ತುಗ್ಯಾನಿ ಅಂದರೆ ಪ್ರವಾಹ. ಹೊಳೆ ದಂಡೆ ಮೀರೋದು. ಆದರೆ ಹೈದರಾಬಾದಿನ ಹಳಬರ ಹತ್ತಿರ ‘ತುಗ್ಯಾನಿ’ ಅಂದರೆ ಯಾವ ಪ್ರವಾಹ ಅಂತ ಅವರು ತಿರುಗಿ ಕೇಳೋದಿಲ್ಲ. ಅದು ಒಂದೇ. 1908ರ ಸೆಪ್ಟೆಂಬರ್ 28, ಸೋಮವಾರ.

ಆ ದಿನದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಎಲ್ಲಿಂದ ಶುರುಮಾಡೋದು ಅಂತ ಯೋಚಿಸಿದರೆ ನನಗೆ ಬಸ್ ನಿಲ್ದಾಣವೇ ನೆನಪಾಗುತ್ತೆ.

ನೀವು ಬೀದರಿನಿಂದಲೋ ಕಲಬುರಗಿಯಿಂದಲೋ ಬಸ್ಸು ಹತ್ತಿ ಹೈದರಾಬಾದಿಗೆ ಹೋಗಿದ್ದರೆ ಇಳಿದಿರೋದು ಎಂಜಿಬಿಎಸ್‌ನಲ್ಲಿ, ಅಂದರೆ ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿ. ಹಳಬರು ಅದನ್ನ ಈಗಲೂ ಇಮ್ಲಿಬನ್ ಅಂತಾರೆ. ಇಮ್ಲಿ ಅಂದರೆ ಹುಣಸೆ, ಬನ್ ಅಂದರೆ ಬನ. ಹುಣಸೆ ತೋಪು. ಒಂದು ಸೇತುವೆ ದಾಟಿ ಬಸ್ಸು ಒಳಗೆ ಹೋಗುತ್ತೆ, ಇನ್ನೊಂದು ಕಡೆ ಸೇತುವೆ ದಾಟಿ ಹೊರಗೆ ಬರುತ್ತೆ. ಬಸ್ ನಿಲ್ದಾಣಕ್ಕೆ ಯಾಕೆ ಎರಡೂ ಕಡೆ ಸೇತುವೆ ಅಂತ ನಿದ್ದೆಗಣ್ಣಲ್ಲಿ ಯಾರೂ ಕೇಳಿಕೊಳ್ಳೋದಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಆ ನಿಲ್ದಾಣ ಇರೋದು ನದಿಯ ದಂಡೆಯ ಮೇಲಲ್ಲ, ನದಿಯ ಒಳಗೆ. ಮೂಸಿಯ ಎರಡು ಕವಲಿನ ನಡುವಿನ ನಡುಗಡ್ಡೆಯಲ್ಲಿ. ಅಲ್ಲಿಂದ ಹೊರಗೆ ಬಂದು ಅಫ್ಜಲ್‌ಗಂಜ್ ಕಡೆ ಸ್ವಲ್ಪ ದೂರ ನಡೆದರೆ ಉಸ್ಮಾನಿಯಾ ಆಸ್ಪತ್ರೆ. ಆಸ್ಪತ್ರೆಯ ಆವರಣದಲ್ಲಿ ಒಂದು ಹಳೇ ಹುಣಸೆ ಮರ. ಈ ಕಥೆಯ ಮುಕ್ಕಾಲು ಪಾಲು ಇಷ್ಟು ಜಾಗದಲ್ಲೇ ನಡೆಯುತ್ತೆ.

ಮೂಸಿ ದೊಡ್ಡ ನದಿಯೇನಲ್ಲ. ವಿಕಾರಾಬಾದಿನ ಅನಂತಗಿರಿ ಗುಡ್ಡಗಳಲ್ಲಿ ಹುಟ್ಟುತ್ತೆ. ಈಸಿ ಅಂತ ಇನ್ನೊಂದು ಹಳ್ಳ ಬೇರೆ ದಾರಿಯಲ್ಲಿ ಬಂದು ಊರಿನ ಪಶ್ಚಿಮಕ್ಕೆ ಇದನ್ನ ಕೂಡುತ್ತೆ. ಕೂಡಿದ ಮೇಲೆ ಹೈದರಾಬಾದನ್ನ ಸೀಳಿಕೊಂಡು ಪೂರ್ವಕ್ಕೆ ಹರಿದು ನಲಗೊಂಡದ ಆಚೆ ವಾಡಪಲ್ಲಿ ಹತ್ತಿರ ಕೃಷ್ಣೆಗೆ ಸೇರುತ್ತೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರೂ ಇರೋದಿಲ್ಲ. ಇಂಥ ನದಿಗಳೇ ಅಪಾಯ ನೋಡಿ. ವರ್ಷದ ಹತ್ತು ತಿಂಗಳು ಹಳ್ಳದ ಹಾಗೆ ಬಿದ್ದಿರುತ್ತೆ, ಜನ ಅದನ್ನ ನದಿ ಅಂತ ಲೆಕ್ಕಕ್ಕೇ ಇಡೋದಿಲ್ಲ. ದಂಡೆಯ ಮೇಲೆ ಮೊದಲು ಹುಲ್ಲು ಮಾರುವವರ ಗುಡಿಸಲು, ಆಮೇಲೆ ಕಟ್ಟಿಗೆ ಅಡ್ಡೆ, ಆಮೇಲೆ ಮಣ್ಣಿನ ಮನೆ, ಆಮೇಲೆ ಮೊಹಲ್ಲಾ. 1591ರಲ್ಲಿ ಮುಹಮ್ಮದ್ ಕುಲಿ ಕುತುಬ್ ಷಾ ಊರು ಕಟ್ಟಿದ ಮೇಲೆ ಮೂಸಿ ಉಕ್ಕಿದ್ದು ಅದೇ ಮೊದಲೇನಲ್ಲ. 1631ರಲ್ಲಿ, 1831ರಲ್ಲಿ ಉಕ್ಕಿದ ದಾಖಲೆ ಇದೆ. ಅಷ್ಟೇ ಯಾಕೆ, ಐದು ವರ್ಷ ಮುಂಚೆ, 1903ರಲ್ಲೇ ಒಂದು ಸಲ ಎಚ್ಚರಿಕೆ ಕೊಟ್ಟು ಹೋಗಿತ್ತು. ಐದು ವರ್ಷ ಅಂದರೆ ಗೋಡೆಯ ಮೇಲಿನ ನೀರಿನ ಗುರುತಿಗೆ ಸುಣ್ಣ ಬಳಿಯೋದಕ್ಕೆ ಸಾಕಷ್ಟು ಸಮಯ.

1908ರ ಸೆಪ್ಟೆಂಬರ್ ಕೊನೆಯ ವಾರ. ಅಮಾವಾಸ್ಯೆ ಕಳೆದು ಎರಡು ದಿನ. ಹಿಂದೂಗಳ ಮನೆಯಲ್ಲಿ ನವರಾತ್ರಿ, ಮುಸಲ್ಮಾನರ ಮನೆಯಲ್ಲಿ ರಂಜಾನ್, ಎರಡೂ ಆಗಷ್ಟೇ ಶುರುವಾಗಿದ್ದವು. ಮಳೆ ಹಿಡಿದಿತ್ತು. ಊರಿನಲ್ಲಿ ಬಿದ್ದ ಮಳೆಗಿಂತ ಊರ ಹೊರಗೆ ಬಿದ್ದದ್ದು ಹೆಚ್ಚು. ಶಂಶಾಬಾದಿನಲ್ಲಿ, ಈಗ ವಿಮಾನ ನಿಲ್ದಾಣ ಇದೆಯಲ್ಲ ಅಲ್ಲಿ, 24 ಗಂಟೆಯಲ್ಲಿ 12.8 ಇಂಚು, 48 ಗಂಟೆಯಲ್ಲಿ 18.9 ಇಂಚು ಮಳೆ. ನಮ್ಮ ಕಡೆ ವರ್ಷ ಪೂರ್ತಿ ಬೀಳೋದರಲ್ಲಿ ಅರ್ಧಕ್ಕಿಂತ ಹೆಚ್ಚು ಎರಡೇ ದಿನದಲ್ಲಿ ಬಿತ್ತು ಅಂತ ಇಟ್ಟುಕೊಳ್ಳಿ.

ಭಾನುವಾರ ರಾತ್ರಿ ನದಿ ಏರತೊಡಗಿತು. ಚಂದ್ರನ ಬೆಳಕಿಲ್ಲದ ರಾತ್ರಿ. ಬೆಳಗಿನ ಜಾವದ ಹೊತ್ತಿಗೆ ನೀರು ದಂಡೆ ಬಿಟ್ಟು ಬೀದಿ ಹಿಡಿದಿತ್ತು. ಕೋಲ್ಸಾವಾಡಿ, ಘಾನ್ಸಿ ಬಜಾರ್, ಅಫ್ಜಲ್‌ಗಂಜ್ ಮೊದಲಿಗೆ ಸಿಕ್ಕಿಬಿದ್ದವು. ಹೆಸರು ನೋಡಿ: ಕೋಲ್ಸಾ ಅಂದರೆ ಇದ್ದಿಲು, ಘಾನ್ಸಿ ಅಂದರೆ ಹುಲ್ಲಿನ ವ್ಯಾಪಾರದವರು. ಗಂಜ್ ಅಂತೂ ಗೊತ್ತೇ ಇದೆ, ಧಾನ್ಯದ ಪೇಟೆ. ನದಿಯ ಪಕ್ಕ ಇದ್ದವರು ಯಾರು ಅಂತ ಬೇರೆ ಹೇಳಬೇಕಿಲ್ಲ. ಹಳೇ ಊರಿಗೆ ಸುತ್ತ ಕೋಟೆಗೋಡೆ ಇತ್ತು. ಆ ಗೋಡೆ ಕಾಯುತ್ತೆ ಅಂತ ಜನ ನಂಬಿದ್ದರು. ನೀರು ಬೀದಿಗೆ ಬಂದಾಗ ಎತ್ತರದ ಜಾಗ ಅಂತ ಪೇಟ್ಲಾ ಬುರುಜಿನ ಮೇಲೆ ನೂರಾರು ಜನ ಹತ್ತಿ ನಿಂತರು. ಬುರುಜು ಕುಸಿದು ಅವರನ್ನೂ ಕರಕೊಂಡು ಹೋಯಿತು ಅಂತ ಆ ಕಾಲದ ವಿವರಗಳು ಹೇಳುತ್ತವೆ. ಊರಿನ ಎರಡು ದಂಡೆಗಳನ್ನ ಜೋಡಿಸುತ್ತಿದ್ದ ಅಫ್ಜಲ್‌ಗಂಜ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಸೇತುವೆಗಳು ಹೋದವು. ಉಳಿದದ್ದು ಎಲ್ಲಕ್ಕಿಂತ ಹಳೆಯದು, 1578ರ ಪುರಾನಾ ಪುಲ್. ಅದೂ ಪೆಟ್ಟು ತಿಂದು ಉಳಿಯಿತು.

ಆ ದಿನ ಮೂಸಿಯಲ್ಲಿ ಹರಿದ ನೀರಿನ ಅಂದಾಜು 4 ಲಕ್ಷ 25 ಸಾವಿರ ಕ್ಯೂಸೆಕ್. ಕೆಆರ್‌ಎಸ್‌ನಿಂದ ಒಂದು ಲಕ್ಷ ಬಿಟ್ಟರೆ ಟೀವಿಯವರು ಶ್ರೀರಂಗಪಟ್ಟಣಕ್ಕೆ ಓಡಿ ಹೋಗಿ ಛತ್ರಿ ಹಿಡಿದು ನಿಲ್ಲುತ್ತಾರಲ್ಲ, ಅದರ ನಾಲ್ಕು ಪಟ್ಟು. ಅದೂ ಕಾವೇರಿಯಲ್ಲಲ್ಲ, ಬೇಸಿಗೆಯಲ್ಲಿ ಹುಡುಗರು ನಡೆದು ದಾಟುವ ಮೂಸಿಯಲ್ಲಿ.

ಮರದ ವಿಷಯಕ್ಕೆ ಬರ್ತೀನಿ. ಅಫ್ಜಲ್‌ಗಂಜಿನಲ್ಲಿ ಆಗ ಒಂದು ಆಸ್ಪತ್ರೆ ಇತ್ತು, ಅದು ಹಾಳಾಯಿತು. ಅಲ್ಲೇ ಇದ್ದ ಹುಣಸೆ ಮರವನ್ನ ಜನ ಹತ್ತಿದರು. ಸುಮಾರು ನೂರೈವತ್ತು ಮಂದಿ ಅಂತ ಹೇಳ್ತಾರೆ. ಗೋಡೆ ಬಿತ್ತು, ಸೇತುವೆ ಬಿತ್ತು, ಬುರುಜು ಬಿತ್ತು, ಮರ ಬೀಳಲಿಲ್ಲ. ನೀರು ಇಳಿಯುವ ತನಕ ಆ ನೂರೈವತ್ತು ಜನ ಕೊಂಬೆ ಹಿಡಿದು ಕೂತಿದ್ದರು. ಆ ಮರ ಇವತ್ತಿಗೂ ಇದೆ. ಒಂದು ಫಲಕ ಇದೆ. ಸೆಪ್ಟೆಂಬರ್ 28ಕ್ಕೆ ಊರಿನ ಕೆಲವರು ಅಲ್ಲಿ ಸೇರಿ ಸತ್ತವರನ್ನ ನೆನೆಯುತ್ತಾರೆ.

ನಾನು ಮೊದಲ ಸಲ ಆ ಮರದ ಕೆಳಗೆ ನಿಂತಾಗ ತಲೆಗೆ ಬಂದದ್ದು ಭಕ್ತಿಯಲ್ಲ, ಲೆಕ್ಕ. ಕೊಂಬೆಗೆ ಎಷ್ಟು ಜನ? ಮಕ್ಕಳನ್ನ ಯಾರು ಮೇಲಕ್ಕೆ ಎತ್ತಿ ಕೊಟ್ಟರು? ಪರದೆಯೊಳಗಿದ್ದ ಹೆಂಗಸರು ಪರಗಂಡಸರ ಹೆಗಲು ಹಿಡಿದು ಹತ್ತಿದರಾ? ಕೈಜಾರಿದವರು ಎಷ್ಟು? ನೂರೈವತ್ತು ಅನ್ನೋದು ಉಳಿದವರ ಲೆಕ್ಕ. ಮರ ಹತ್ತಲಾಗದವರ ಲೆಕ್ಕ ಯಾವ ಫಲಕದ ಮೇಲೂ ಇರೋದಿಲ್ಲ.

ಸತ್ತವರು ಎಷ್ಟು ಅನ್ನೋದರಲ್ಲೂ ಹಾಗೆಯೇ. 15 ಸಾವಿರ ಅಂತ ಒಂದು ಲೆಕ್ಕ, 50 ಸಾವಿರ ಅಂತ ಇನ್ನೊಂದು. ಬಿದ್ದ ಮನೆಗಳೂ ಅಷ್ಟೇ, 19 ಸಾವಿರದಿಂದ 80 ಸಾವಿರದ ತನಕ. ನಾಲ್ಕೂವರೆ ಲಕ್ಷ ಜನರ ಊರಿನಲ್ಲಿ ಸಾವಿನ ಲೆಕ್ಕ ಮೂರು ಪಟ್ಟು ಹೆಚ್ಚುಕಮ್ಮಿ ಆಗುತ್ತೆ ಅಂದರೆ ಏನರ್ಥ? ಮಹಲಿನವರ, ಮನ್ಸಬ್‌ದಾರರ ಲೆಕ್ಕ ತಪ್ಪೋದಿಲ್ಲ. ಇದ್ದಿಲು ಮಾರುವವನ ಮನೆಯಲ್ಲಿ ಐವರಿದ್ದರೋ ಏಳು ಜನರಿದ್ದರೋ ಅಂತ ಬರೆದಿಟ್ಟವರಿಲ್ಲ. ಮನೆಯವರೆಲ್ಲ ಒಟ್ಟಿಗೇ ಹೋದರೆ ‘ನಮ್ಮವರು ಕಾಣಿಸ್ತಿಲ್ಲ’ ಅಂತ ಬಂದು ಹೇಳೋರೂ ಇರೋದಿಲ್ಲ.

ಹೆಸರು ಉಳಿದವರೂ ಇದ್ದಾರೆ. ಉರ್ದು ಕವಿ ಅಮ್ಜದ್ ಹೈದರಾಬಾದಿ ಆ ದಿನ ತಾಯಿಯನ್ನ, ಹೆಂಡತಿಯನ್ನ, ಮಗಳನ್ನ ಕಳಕೊಂಡರು. ತಾವೊಬ್ಬರೇ ಬದುಕಿದರು. ರುಬಾಯಿಗಳಿಗೆ ಅವರಷ್ಟು ಹೆಸರಾದವರು ಆ ಊರಿನಲ್ಲಿ ಇನ್ನೊಬ್ಬರಿಲ್ಲ. ಅವರ ಸಾಲುಗಳನ್ನ ಮೆಚ್ಚಿ ತಲೆದೂಗುವ ಮಂದಿಗೆ ಆ ಸೋಮವಾರದ ಕಥೆ ಗೊತ್ತಿರೋದು ಕಡಿಮೆ.

ಆಗಿನ ನಿಜಾಮ ಆರನೆಯವನು, ಮಹಬೂಬ್ ಅಲಿ ಖಾನ್. ಅವನ ಬಗ್ಗೆ ಒಂದು ಕಥೆಯನ್ನ ಹೈದರಾಬಾದಿನಲ್ಲಿ ಯಾರನ್ನ ಕೇಳಿದರೂ ಹೇಳ್ತಾರೆ. ಭವಾನಿ ಮುನಿದಿದ್ದಾಳೆ, ಪೂಜೆ ಕೊಟ್ಟರೆ ಶಾಂತಳಾಗ್ತಾಳೆ ಅಂತ ಜೋಯಿಸರು ಹೇಳಿದರಂತೆ. ನಿಜಾಮ ಧೋತರ ಉಟ್ಟು, ಜನಿವಾರ ಹಾಕಿಕೊಂಡು, ತಟ್ಟೆಯಲ್ಲಿ ಸೀರೆ, ಮುತ್ತು, ಅರಿಶಿನ ಕುಂಕುಮ ಇಟ್ಟು ಮೂಸಿಗೆ ಆರತಿ ಎತ್ತಿದನಂತೆ. ನೀರು ಇಳಿಯಿತಂತೆ. ಇದು ನಡೆದದ್ದೋ, ಜನ ತಮ್ಮ ದೊರೆ ಹೀಗಿರಬೇಕು ಅಂತ ಕಟ್ಟಿಕೊಂಡದ್ದೋ, ನಾನು ಜಗಳಕ್ಕೆ ಹೋಗೋದಿಲ್ಲ. ಊರಿನ ಹಿಂದೂಗಳೂ ಮುಸಲ್ಮಾನರೂ ನೂರು ವರ್ಷದಿಂದ ಅದನ್ನ ಒಂದೇ ದನಿಯಲ್ಲಿ ಹೇಳಿಕೊಂಡು ಬಂದಿದ್ದಾರೆ ಅನ್ನೋದಂತೂ ನಡೆದದ್ದೇ. ಅರಮನೆಗಳ ಬಾಗಿಲು ತೆರೆದದ್ದು, ದಿನಗಟ್ಟಲೆ ಗಂಜಿ ಕೇಂದ್ರ ನಡೆಸಿದ್ದು ಕಥೆಯಲ್ಲ. ಸರೋಜಿನಿ ನಾಯ್ಡು ಆಗ ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಇದೇ ಊರಿನವರು. ಮನೆ ಕಳಕೊಂಡ ಹೆಂಗಸರ ನಡುವೆ ಪರಿಹಾರದ ಕೆಲಸಕ್ಕೆ ಇಳಿದರು.

ಗಂಜಿ ಕೊಟ್ಟು ಮುಗಿದಮೇಲೆ ಏನು? ಎಲ್ಲಾ ಪ್ರವಾಹದ ಕಥೆಯಲ್ಲೂ ಇದೇ ಕಷ್ಟದ ಭಾಗ. ನೀರಿಗಿಂತ ಕೆಸರು ಕಷ್ಟ. ಮತ್ತೆ ಅಲ್ಲೇ ಮನೆ ಕಟ್ಟೋದಾ? ಕಟ್ಟಿದರೆ ಮುಂದಿನ ಸಲ?

ಇಲ್ಲಿಗೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಬರ್ತಾರೆ. ಪ್ರತಿ ಸೆಪ್ಟೆಂಬರ್ 15ಕ್ಕೆ ವಾಟ್ಸ್ಯಾಪಿನಲ್ಲಿ ಒಂದು ಸಂದೇಶ ಸುತ್ತುತ್ತೆ, ನಿಮಗೂ ಬಂದಿರುತ್ತೆ: ‘ಹೈದರಾಬಾದ್ ಮುಳುಗಿತು, ಸರ್ ಎಂವಿ ಹೋದರು, ಎರಡು ಅಣೆಕಟ್ಟು ಕಟ್ಟಿದರು, ಮತ್ತೆಂದೂ ಪ್ರವಾಹ ಬರಲಿಲ್ಲ.’ ಕೊನೆಗೆ ಒಂದು ಕೈಮುಗಿಯುವ ಚಿತ್ರ. ಇದರಲ್ಲಿ ಎರಡು ತಪ್ಪಿವೆ. ಆ ತಪ್ಪುಗಳಿಂದ ಅವರ ಕೆಲಸ ದೊಡ್ಡದಾಗೋದಿಲ್ಲ, ಸಣ್ಣದಾಗುತ್ತೆ.

ಅವರು ಆಗ ಮುಂಬೈ ಸರ್ಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದರು. ಇಟಲಿಯಲ್ಲಿರುವಾಗ ನಿಜಾಮ ಸರ್ಕಾರದ ತಂತಿ ಸಿಕ್ಕಿತು. ತಂತಿ ಸಿಕ್ಕ ಕೂಡಲೇ ಓಡಿ ಬರಲಿಲ್ಲ. ಹೈದರಾಬಾದಿಗೆ ಬಂದು ಕೆಲಸ ಹಿಡಿದದ್ದು 1909ರ ಏಪ್ರಿಲ್ 15ಕ್ಕೆ. ವರದಿ ಕೊಟ್ಟದ್ದು ಅಕ್ಟೋಬರ್ 1ಕ್ಕೆ. ನವೆಂಬರಿನಲ್ಲಿ ಮೈಸೂರಿಗೆ ಮುಖ್ಯ ಇಂಜಿನಿಯರ್ ಆಗಿ ಹೋದರು. ಅಂದರೆ ಅವರು ಅಲ್ಲಿದ್ದದ್ದು ಏಳು ತಿಂಗಳೂ ಪೂರ್ತಿ ಇಲ್ಲ. ಅಷ್ಟರಲ್ಲಿ ಯಾವ ಅಣೆಕಟ್ಟನ್ನೂ ಕಟ್ಟೋಕಾಗಲ್ಲ. ಅವರು ಮಾಡಿದ್ದು ಅದಕ್ಕಿಂತ ಮುಂಚಿನ ಕೆಲಸ: ಆ ದಿನ ನಿಜವಾಗಿ ಏನಾಯಿತು ಅಂತ ಕಂಡುಹಿಡಿದದ್ದು.

ದೇವಿಯ ಮುನಿಸು ಅಂತ ಜನ ಹೇಳ್ತಿದ್ದರು, ಅತಿವೃಷ್ಟಿ ಅಂತ ಅಧಿಕಾರಿಗಳು ಹೇಳ್ತಿದ್ದರು. ಎರಡೂ ಒಂದೇ, ಯಾರ ತಪ್ಪೂ ಅಲ್ಲ ಅಂತ. ಎಂವಿ ಮಳೆಯ ಲೆಕ್ಕ ಕೇಳಿದರು. ರಾಜ್ಯದಲ್ಲಿ ಸಿಕ್ಕಿದ್ದು ಸಾಲದೆ ಅಕ್ಕಪಕ್ಕದ ಪ್ರಾಂತಗಳ ಅಂಕಿ ತರಿಸಿ ಕೂಡಿಸಿದರು. ಆಮೇಲೆ ಊರಿಗೆ ನೀರು ತರುವ ಅಷ್ಟೂ ಜಾಗದ ಕೆರೆ ಎಣಿಸಿದರು. ಸುಮಾರು 860 ಚದರ ಮೈಲಿ. ಅದರಲ್ಲಿ 788 ಕೆರೆಗಳು, ಹೆಚ್ಚೂಕಡಿಮೆ ಮೈಲಿಗೊಂದು. ಆ ಮಳೆಯಲ್ಲಿ ಒಡೆದ ಕೆರೆಗಳು 221.

ಇದು ನಮಗೆ, ಬಯಲುಸೀಮೆಯವರಿಗೆ, ಬಿಡಿಸಿ ಹೇಳದೇ ಅರ್ಥ ಆಗಬೇಕು. ನಮ್ಮ ಕೆರೆಗಳು ಒಂಟಿ ಇರೋದಿಲ್ಲ, ಸರಪಳಿ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ನೂರಾರು ವರ್ಷ ಬರದ ನಾಡನ್ನ ಸಾಕಿದ್ದೇ ಈ ಜಾಣತನ. ಆದರೆ ಮೇಲಿನ ಕೆರೆಯ ಏರಿ ಒಡೆದರೆ? ನಾಲ್ಕು ತಿಂಗಳು ಹನಿ ಹನಿ ಕೂಡಿಟ್ಟ ನೀರು ಒಂದೇ ಗಂಟೆಯಲ್ಲಿ ಕೆಳಗಿನ ಕೆರೆಯ ಮೇಲೆ ಬೀಳುತ್ತೆ. ಅದೂ ಆಗಲೇ ತುಂಬಿ ನಿಂತಿರುತ್ತೆ. ಅದೂ ಒಡೆಯುತ್ತೆ. ಹೀಗೆ ಒಂದರ ಮೇಲೊಂದು ಬಿದ್ದು ನದಿಗೆ ಬರುವ ಹೊತ್ತಿಗೆ ಅದು ಬರೀ ಮಳೆನೀರಲ್ಲ. ಊರಿಗೆ ಬಂದದ್ದು ಆ ಎರಡು ದಿನದ ಮಳೆಯ ಜೊತೆಗೆ ಆ ವರ್ಷದ ಕೆರೆಗಳೆಲ್ಲ. ಕೆರೆ ನೋಡಿಕೊಳ್ಳುವವರು ಇರಲಿಲ್ಲವಾ, ಏರಿಗೆ ಮಣ್ಣು ಹಾಕಿ, ತೂಬು ಕೋಡಿ ಸರಿ ಇಟ್ಟಿದ್ದರೆ 221ರಲ್ಲಿ ಎಷ್ಟು ಉಳಿಯುತ್ತಿದ್ದವು ಅನ್ನೋ ಪ್ರಶ್ನೆ ಹುಟ್ಟೋದು ಆ ಅಂಕಿ ಬರೆದಿಟ್ಟದ್ದರಿಂದ. ಅಣೆಕಟ್ಟಿಗಿಂತ ನನಗೆ ದೊಡ್ಡದಾಗಿ ಕಾಣೋದು ಈ ಎಣಿಕೆಯೇ.

ಅವರ ಸಲಹೆ ಸರಳ. ಊರಿನ ಮೇಲ್ಭಾಗದಲ್ಲಿ ಮೂಸಿಗೊಂದು, ಈಸಿಗೊಂದು ದೊಡ್ಡ ಜಲಾಶಯ ಕಟ್ಟಿ. ಪ್ರವಾಹ ಬಂದಾಗ ಅಲ್ಲಿ ತಡೆದು ನಿಧಾನಕ್ಕೆ ಬಿಡಿ. ಅಷ್ಟಕ್ಕೇ ನಿಲ್ಲಲಿಲ್ಲ. ಊರೊಳಗಿನ ದಂಡೆ ಎತ್ತರಿಸಿ, ಎರಡೂ ಕಡೆ ಮನೆ ಬದಲು ತೋಟ ಮತ್ತು ರಸ್ತೆ ಮಾಡಿ. ಒಳಚರಂಡಿ ಮಾಡಿ. ಇಕ್ಕಟ್ಟಾದ ಮೊಹಲ್ಲಾಗಳನ್ನ ತೆರವು ಮಾಡಿ ಗಾಳಿ ಬೆಳಕು ಬಿಡಿ. ಪ್ರವಾಹ ತಡೆಯೋದು ಹೇಗೆ ಅಂತ ಕೇಳಿದ ಸರ್ಕಾರಕ್ಕೆ, ನಿಮ್ಮ ಊರನ್ನೇ ಸರಿಮಾಡಿಕೊಳ್ಳಿ ಅಂತ ಉತ್ತರ ಕೊಟ್ಟರು. ಎಂವಿ ಜಾಯಮಾನವೇ ಹಾಗೆ.

ಉಳಿದದ್ದನ್ನ ಬೇರೆಯವರು ಮಾಡಿದರು, ನಿಧಾನಕ್ಕೆ. ಮಹಬೂಬ್ ಅಲಿ ಖಾನ್ 1911ರಲ್ಲಿ ತೀರಿಕೊಂಡ. ಮಗ ಉಸ್ಮಾನ್ ಅಲಿ ಖಾನ್ ಗಾದಿಗೆ ಬಂದ. 1912ರಲ್ಲಿ ನಗರ ಸುಧಾರಣಾ ಮಂಡಳಿ ಆಯಿತು. ಗಂಡಿಪೇಟೆಯಲ್ಲಿ ಮೂಸಿಗೆ ಕಟ್ಟಿದ ಉಸ್ಮಾನ್ ಸಾಗರ ಮುಗಿದದ್ದು 1920ರಲ್ಲಿ. ಈಸಿಯ ಮೇಲಿನ ಹಿಮಾಯತ್ ಸಾಗರ 1927ರಲ್ಲಿ. ಅದರಲ್ಲಿ ದೊಡ್ಡ ಹೆಸರು ಇಂಜಿನಿಯರ್ ಅಲಿ ನವಾಜ್ ಜಂಗ್ ಅವರದು. ಒಂದಕ್ಕೆ ದೊರೆಯ ಹೆಸರು, ಇನ್ನೊಂದಕ್ಕೆ ಅವನ ಮಗನ ಹೆಸರು. ಪ್ರವಾಹ ಬಂದು ಎರಡನೇ ಕಟ್ಟೆ ಏಳುವ ಹೊತ್ತಿಗೆ ಹತ್ತೊಂಬತ್ತು ವರ್ಷ. ಹುಣಸೆ ಮರದ ಮೇಲೆ ಅಮ್ಮನ ಕಂಕುಳಲ್ಲಿ ಕೂತಿದ್ದ ಕೂಸಿಗೆ ಮದುವೆ ವಯಸ್ಸು.

ಹತ್ತೊಂಬತ್ತು ವರ್ಷ ಆದರೂ ಅವರು ಮಾಡಿದರು ಅನ್ನೋದನ್ನ ಒಪ್ಪಲೇಬೇಕು. ಇವತ್ತು ಮೂಸಿ ದಂಡೆಯಲ್ಲಿ ನಿಂತು ನೋಡಿದರೆ ಕಾಣುವ ಚಂದದ ಕಟ್ಟಡಗಳೆಲ್ಲ ಆ ಪ್ರವಾಹದ ಮಕ್ಕಳೇ. ದಕ್ಷಿಣ ದಂಡೆಯಲ್ಲಿ ಹೈಕೋರ್ಟು, ಎದುರು ದಂಡೆಯಲ್ಲಿ ಉಸ್ಮಾನಿಯಾ ಆಸ್ಪತ್ರೆ, ಎರಡನ್ನೂ ಮಾಡಿದ್ದು ವಿನ್ಸೆಂಟ್ ಎಷ್ ಅನ್ನೋ ವಾಸ್ತುಶಿಲ್ಪಿ. ಎತ್ತರದ ತಡೆಗೋಡೆ, ಅದರ ಹಿಂದೆ ತೋಟ, ಅದರ ಹಿಂದೆ ಕಟ್ಟಡ. ನದಿಯ ಪಕ್ಕ ಮಲಗುವವರು ಇರಬಾರದು ಅನ್ನೋ ಲೆಕ್ಕ. ಜಾಗ ಬಿಟ್ಟುಕೊಟ್ಟರು. ಇಲ್ಲಿದ್ದ ಮೊಹಲ್ಲಾದವರು ಎಲ್ಲಿ ಹೋದರು, ಸುಧಾರಣಾ ಮಂಡಳಿ ನಾಂಪಲ್ಲಿ, ಮಲ್ಲೇಪಲ್ಲಿ ಕಡೆ ಕಟ್ಟಿದ ಅಚ್ಚುಕಟ್ಟಾದ ಮನೆಗಳ ಬಾಡಿಗೆ ಕೊಡುವಷ್ಟು ಇದ್ದಿಲು ಮಾರುವವನಿಗೆ ಗಿಟ್ಟುತ್ತಿತ್ತಾ ಅನ್ನೋ ಪ್ರಶ್ನೆಯನ್ನ ಮಾತ್ರ ಈ ಚಂದದ ಕಟ್ಟಡ ನೋಡುವಾಗ ಮರೀಬಾರದು. ಸುಧಾರಣೆ ಅಂದಾಗಲೆಲ್ಲ ಗಂಟುಮೂಟೆ ಕಟ್ಟುವವರು ಯಾರು ಅನ್ನೋದು ಆಗಲೂ ಗೊತ್ತಿದ್ದದ್ದೇ.

ಇನ್ನು ವಾಟ್ಸ್ಯಾಪಿನ ಎರಡನೇ ತಪ್ಪು, ‘ಮತ್ತೆಂದೂ ಬರಲಿಲ್ಲ’ ಅನ್ನೋದು.

ಬಹಳ ಕಾಲ ಬರಲಿಲ್ಲ, ನಿಜ. ಅದೇ ತೊಂದರೆ ಆಯಿತು. ಪ್ರವಾಹ ತಡೆಯೋಕೆ ಕಟ್ಟಿದ ಜಲಾಶಯ ಖಾಲಿ ಇರಬೇಕು, ಬರುವ ನೀರಿಗೆ ಹೊಟ್ಟೆಯಲ್ಲಿ ಜಾಗ ಇರಬೇಕು. ಕುಡಿಯುವ ನೀರಿನ ಜಲಾಶಯ ತುಂಬಿರಬೇಕು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎರಡೂ ಕೆಲಸಕ್ಕೆ ಅಂತ ಆದವು, ಆದರೆ ಬರಬರುತ್ತಾ ಜನರ ತಲೆಯಲ್ಲಿ ಉಳಿದದ್ದು ನಲ್ಲಿ ನೀರು ಮಾತ್ರ. ಗಂಡಿಪೇಟೆ ನೀರು ಕುಡಿದವರು ಹೈದರಾಬಾದ್ ಬಿಟ್ಟು ಹೋಗಲ್ಲ ಅಂತ ಊರವರು ಅಂತಾರೆ. ನಮ್ಮ ಮುತ್ಯಾನೂ ಆ ನೀರನ್ನ ಹೊಗಳುತ್ತಿದ್ದ. ಆ ಕಟ್ಟೆ ಯಾಕೆ ಕಟ್ಟಿದರು ಅಂತ ಅವನೂ ಹೇಳಲಿಲ್ಲ, ‘ತುಗ್ಯಾನಿ’ ಅಂತ ದಿನಾ ಬೈಯುತ್ತಿದ್ದರೂ.

ಆಮೇಲೆ ಕೃಷ್ಣಾ, ಗೋದಾವರಿಯಿಂದ ನೀರು ಬಂತು, ಈ ಎರಡು ಕೆರೆಗಳ ಹಂಗೂ ತಪ್ಪಿತು. 1996ರಲ್ಲಿ ಸರ್ಕಾರ 111ನೇ ಜಿ.ಓ. ಹೊರಡಿಸಿತ್ತು. ಎರಡೂ ಜಲಾಶಯಗಳ ಸುತ್ತ 10 ಕಿಲೋಮೀಟರ್ ಒಳಗೆ, 84 ಹಳ್ಳಿಗಳಲ್ಲಿ, ಕಾರ್ಖಾನೆ, ದೊಡ್ಡ ಕಟ್ಟಡ ಬರಬಾರದು ಅಂತ. ಅದನ್ನ ಮೀರಿ ಕಟ್ಟಿದವರು ಕಟ್ಟುತ್ತಲೇ ಇದ್ದರು. 2022ರ ಏಪ್ರಿಲ್‌ನಲ್ಲಿ, ಈಗ ಊರು ಈ ನೀರನ್ನ ನಂಬಿಕೊಂಡಿಲ್ಲ ಅನ್ನೋ ಕಾರಣ ಕೊಟ್ಟು, ಆ ನಿರ್ಬಂಧಗಳನ್ನೇ ತೆಗೆಯುವ ಆದೇಶ ಬಂತು. ಕುಡಿಯೋಕೆ ಬೇಡ ಅಂದಮೇಲೆ ಕೆರೆ ಯಾಕೆ ಅಂತ. 1908 ಅಂತ ಒಂದು ವರ್ಷ ಇತ್ತು ಅನ್ನೋದು ಯಾರ ಕಡತದಲ್ಲೂ ಇದ್ದಂತೆ ಕಾಣಲಿಲ್ಲ.

2000ದ ಆಗಸ್ಟಿನಲ್ಲಿ ಒಂದೇ ದಿನ 24 ಸೆಂಟಿಮೀಟರ್ ಮಳೆ ಬಿದ್ದು ಊರಿನ ತಗ್ಗು ಬಡಾವಣೆಗಳು ಮುಳುಗಿದವು. 2020ರ ಅಕ್ಟೋಬರ್ 13ರ ರಾತ್ರಿಯಂತೂ ನನಗೆ ಚೆನ್ನಾಗಿ ನೆನಪಿದೆ. ಕೋವಿಡ್ ಕಾಲ, ಹೈದರಾಬಾದಿನಲ್ಲಿರುವ ನಮ್ಮ ಕಾಕಾನ ಮಗನಿಗೆ ಫೋನು ಹಚ್ಚಿದರೆ ‘ಅಣ್ಣಾ, ಮೂಸಿ ಬಂದಿಲ್ಲ, ಕೆರೀ ಬಂದದ’ ಅಂದ. ಹೌದು, ಆ ಸಲ ಒಡೆದದ್ದು ಪಲ್ಲೆ ಚೆರುವು, ಅಪ್ಪ ಚೆರುವು. ನಾಲ್ಕು ದಿನ ಬಿಟ್ಟು ಬಾಲಾಪುರದ ಗುರ್ರಂ ಚೆರುವು. ಏರಿಯ ಮೇಲೆ ಮನೆ, ಕೋಡಿಯ ಮೇಲೆ ರಸ್ತೆ, ಕೆರೆಯ ಅಂಗಳದಲ್ಲಿ ಲೇಔಟು. ಸರಪಳಿಯ ಕೊಂಡಿಗಳು ಉಳಿದಿದ್ದವು, ನಡುವಿನ ರಾಜಕಾಲುವೆಗಳು ಇರಲಿಲ್ಲ. ನೀರು ಹಳೇ ದಾರಿ ಹುಡುಕಿಕೊಂಡು ಹೋಯಿತು. ದಾರಿಯಲ್ಲಿ ಜನ ಮಲಗಿದ್ದರು. 1909ರ ವರದಿಯಲ್ಲಿದ್ದ 221 ಅನ್ನೋ ಅಂಕಿ ಆ ರಾತ್ರಿ ನನ್ನ ತಲೆಯಿಂದ ಹೋಗಲೇ ಇಲ್ಲ.

ಬಸ್ ನಿಲ್ದಾಣಕ್ಕೆ ವಾಪಸ್ ಬರೋಣ. ತೊಂಬತ್ತರ ದಶಕದಲ್ಲಿ ಊರಿಗೆ ದೊಡ್ಡ ಬಸ್ ನಿಲ್ದಾಣ ಬೇಕಾಯಿತು. ನಗರದ ನಡುವೆ ಅಷ್ಟು ಖಾಲಿ ಜಾಗ ಎಲ್ಲಿದೆ? ಇದ್ದದ್ದು ಒಂದೇ ಕಡೆ, ಹಿಂದಿನವರು ನದಿಗೆ ಅಂತ ಬಿಟ್ಟ ಕಡೆ. ಮೂಸಿಯ ನಡುಗಡ್ಡೆಯ ಇಮ್ಲಿಬನ್. ಅಲ್ಲೇ ಕಟ್ಟಿದರು. ಆಮೇಲೆ ಪಕ್ಕದಲ್ಲಿ ಮೆಟ್ರೋ ಸ್ಟೇಷನ್ನೂ ಬಂತು. 2025ರ ಸೆಪ್ಟೆಂಬರ್ 26, ಶುಕ್ರವಾರ ರಾತ್ರಿ, ಮೇಲಿನ ಎರಡೂ ಜಲಾಶಯಗಳು ತುಂಬಿ ಗೇಟು ತೆರೆದರು. ನೀರು ನಿಲ್ದಾಣದೊಳಗೆ ಬಂತು. ಪ್ಲಾಟ್‌ಫಾರಂ ಮೇಲೆ ನಿದ್ದೆ ಮಾಡುತ್ತಿದ್ದ, ದಸರೆಗೆ ಊರಿಗೆ ಹೊರಟಿದ್ದ ಜನ ಲಗೇಜು ತಲೆಯ ಮೇಲೆ ಇಟ್ಟುಕೊಂಡು ಹಗ್ಗ ಹಿಡಿದು ಹೊರಗೆ ಬರಬೇಕಾಯಿತು. ತಾರೀಖು ಗಮನಿಸಿ, ಎರಡು ದಿನ ಕಡಿಮೆ 117 ವರ್ಷ. ಅವತ್ತೂ ನವರಾತ್ರಿ.

ಅದಕ್ಕೆ ಒಂದು ವರ್ಷ ಮುಂಚೆ, 2024ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಮೂಸಿ ದಂಡೆಯ ಬಡವರ ಮನೆಗಳ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ‘ಆರ್‌ಬಿ-ಎಕ್ಸ್’ ಅಂತ ಬರೆದರು. ನದಿಪಾತ್ರದೊಳಗಿನ ಮನೆ ಅಂತ ಗುರುತು. ಇವರನ್ನ ಎಬ್ಬಿಸಿ ಎರಡು ಕೋಣೆಯ ಸರ್ಕಾರಿ ಫ್ಲಾಟಿಗೆ ಕಳಿಸೋದು, ನದಿ ಸ್ವಚ್ಛ ಮಾಡೋದು ಅಂತ ಯೋಜನೆ. ಕೆಲವರು ಹೋದರು, ಕೆಲವರು ಅತ್ತರು, ಕೆಲವರು ಕೋರ್ಟಿಗೆ ಹೋದರು. ನದಿಯ ಜಾಗ ನದಿಗೆ ಬಿಡಬೇಕು ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ, ಇಷ್ಟೊತ್ತು ಹೇಳಿದ್ದೂ ಅದನ್ನೇ. ಆದರೆ ಬೆಳಗಾಗೆದ್ದು ಗೋಡೆ ನೋಡಿದರೆ ಕೆಂಪು ಅಕ್ಷರ, ಮಕ್ಕಳ ಶಾಲೆ ಹದಿನೈದು ಕಿಲೋಮೀಟರ್ ದೂರ, ಗಂಡ ಹಣ್ಣಿನ ಬಂಡಿ ದೂಡುವ ಬೀದಿ ಇನ್ನೂ ದೂರ. ಆ ಕೆಂಪು ಬಣ್ಣ ಬಸ್ ನಿಲ್ದಾಣದ ಕಂಬದ ಮೇಲೆ ನನಗೆ ಕಾಣಲಿಲ್ಲ. 1912ರಲ್ಲಿ ಇದ್ದಿಲು ಮಾರುವವನನ್ನ ಎಬ್ಬಿಸಿದರು, ಅಲ್ಲಿ ಕೊನೇಪಕ್ಷ ತೋಟ ಆಯಿತು, ಕೋರ್ಟಾಯಿತು, ಆಸ್ಪತ್ರೆ ಆಯಿತು. ಈ ಸಲ ಎಬ್ಬಿಸಿದ ಜಾಗದಲ್ಲಿ ಏನು ಏಳುತ್ತೆ ಅಂತ ನೋಡಬೇಕು.

ಉಸ್ಮಾನಿಯಾ ಆಸ್ಪತ್ರೆಗೆ ನಾನು ಕೊನೇ ಸಲ ಹೋದದ್ದು ಒಂದು ಬೆಳಿಗ್ಗೆ, ನಮ್ಮೂರ ಬಸ್ಸಿಗೆ ಇನ್ನೂ ಎರಡು ಗಂಟೆ ಇದ್ದಾಗ. ಎಷ್ ಕಟ್ಟಿದ ಹಳೇ ಬಿಲ್ಡಿಂಗಿಗೆ ಬೀಗ ಹಾಕಿದ್ದರು. 2020ರ ಜುಲೈನಲ್ಲಿ ಮಳೆಗೆ ಚರಂಡಿ ನೀರು ವಾರ್ಡಿನೊಳಗೆ ಬಂದು, ಮಂಚದ ಮೇಲೆ ರೋಗಿಗಳು, ಕೆಳಗೆ ನೀರು ಅನ್ನೋ ಹಾಗಾಗಿತ್ತು. ಆಮೇಲೆ ಅದನ್ನ ಖಾಲಿ ಮಾಡಿಸಿದರು. ಪ್ರವಾಹಕ್ಕೆ ಉತ್ತರವಾಗಿ ಕಟ್ಟಿದ ಆಸ್ಪತ್ರೆ.

ಮರದ ಹತ್ತಿರ ಒಬ್ಬ ಅಜ್ಜಿ ಸೆರಗು ಹಾಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಬುತ್ತಿ ಚೀಲ. ನಾನು ಫಲಕದ ಫೋಟೋ ತೆಗೆಯೋದನ್ನ ನೋಡುತ್ತಾ ಇದ್ದು, ಫೋನಿನಲ್ಲಿ ನನ್ನ ಕನ್ನಡ ಕೇಳಿದಮೇಲೆ ಮಾತಾಡಿಸಿದಳು.

‘ಯಾವೂರಪ್ಪಾ ನಿಮ್ದು?’

‘ಕಲಬುರಗಿ ಕಡೀ, ಆಯಿ. ನಿಮ್ದು?’

‘ಬೀದರ್ ಹತ್ರ. ಮಗಂದು ಆಪರೇಷನ್ ಅದ. ಏನದಪಾ ಈ ಗಿಡದಾಗ, ಎಲ್ಲಾರೂ ಫೋಟೋ ಹೊಡೀತಾರ?’

ಹೇಳಿದೆ. ನೂರಾ ಹದಿನೇಳು ವರ್ಷದ ಹಿಂದೆ ಹೊಳಿ ಬಂದಿತ್ತು, ನೂರೈವತ್ತು ಮಂದಿ ಈ ಗಿಡ ಹತ್ತಿ ಉಳಿದರು ಅಂತ. ಅಜ್ಜಿ ಕತ್ತೆತ್ತಿ ಕೊಂಬೆ ಕೊಂಬೆಯನ್ನೂ ನೋಡಿದಳು. ಆಮೇಲೆ ಹೊಳೆ ಇರುವ ದಿಕ್ಕಿಗೆ ತಿರುಗಿದಳು. ನಡುವೆ ಕಟ್ಟಡ, ಗೋಡೆ, ರಸ್ತೆ.

‘ಹೊಳಿ ಎಲ್ಲದಪಾ ಇಲ್ಲಿ?’ ಅಂದಳು.